ನೆಲ ಮುಟ್ಟದ ರಥ

ಹೊಸದಾಗಿ ಕಾರು ಕೊಂಡವರನ್ನು ನಮ್ಮ ಜನ ಮೊದಲು ಕೇಳುವುದು ಅದರ ಬಣ್ಣವನ್ನಲ್ಲ, ಬೆಲೆಯನ್ನೂ ಅಲ್ಲ, "ಎಷ್ಟು ಕೊಡುತ್ತದೆ?" ಎಂದು. ಏನನ್ನು ಕೊಡುತ್ತದೆ ಎಂಬುದನ್ನು ಹೇಳದೆಯೇ ಬಿಟ್ಟಿರುವ ಈ ಪುಟ್ಟ ವಾಕ್ಯದ ತಾತ್ಪರ್ಯ ಎಲ್ಲರಿಗೂ ಗೊತ್ತು: ಒಂದು ಲೀಟರು ಎಣ್ಣೆಗೆ ಗಾಡಿ ಎಷ್ಟು ಕಿಲೋಮೀಟರು ಓಡುತ್ತದೆ? ದೇಶವು ಮೈಲಿಯ ಲೆಕ್ಕವನ್ನು ಬಿಟ್ಟು ಕಿಲೋಮೀಟರಿಗೆ ಬಂದು ಎರಡು ತಲೆಮಾರು ಕಳೆದರೂ 'ಮೈಲೇಜು' ಎಂಬ ಮಾತು ನಮ್ಮ ನಾಲಗೆಯನ್ನು ಬಿಟ್ಟಿಲ್ಲ. ಆದರೆ ಅದಕ್ಕಿಂತಲೂ ಸ್ವಾರಸ್ಯವಾದದ್ದು ಇಲ್ಲಿ ಬಂದಿರುವ 'ಕೊಡು' ಎಂಬ ಕ್ರಿಯಾಪದ. ಹಸು ಹಾಲು ಕೊಡುತ್ತದೆ, ಮರ ಹಣ್ಣು ಕೊಡುತ್ತದೆ, ಹೊಲ ಫಸಲು ಕೊಡುತ್ತದೆ. ಹಾಗೆಯೇ ಕಾರು ಮೈಲೇಜು ಕೊಡುತ್ತದೆ. ಯಾವ ಪಂಡಿತನೂ ಹೇಳಿಕೊಡದೆ ನಮ್ಮ ಜನ ಕೊಟ್ಟಿಗೆಯ ಮಾತನ್ನು ಯಂತ್ರಕ್ಕೆ ಒಗ್ಗಿಸಿಕೊಂಡುಬಿಟ್ಟಿದ್ದಾರೆ.

ಈ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ದನಗಳ ಜಾತ್ರೆಯಲ್ಲಿ ಹಸು ಮಾರುವವನು ಹಿಂದಿನ ಹೊತ್ತಿನ ಹಾಲನ್ನು ಕರೆಯದೆ ಬಿಟ್ಟು, ಕೆಚ್ಚಲು ತುಂಬಿ ಬಿಗಿದಿರುವಂತೆ ತೋರಿಸುವುದುಂಟು. ಅದನ್ನು ಬಲ್ಲ ರೈತ ಆ ಕೆಚ್ಚಲನ್ನು ನೋಡಿ ಮರುಳಾಗುವುದಿಲ್ಲ. ಎರಡು ಹೊತ್ತು ಕಣ್ಣೆದುರಿಗೆ ಕರೆಸಿ ನೋಡಿದಲ್ಲದೆ ಮುಂಗಡ ಕೊಡುವುದಿಲ್ಲ. ಕಾರು ಕೊಳ್ಳುವವನಿಗೆ ಈ ಸೌಕರ್ಯವಿಲ್ಲ. ಶೋರೂಮಿನವರು ಓಡಿಸಿ ನೋಡಲು ಕೊಡುವ ನಾಲ್ಕೈದು ಕಿಲೋಮೀಟರುಗಳಲ್ಲಿ ಆಸನ ಮೆತ್ತಗಿದೆಯೆ ಎಂಬುದು ತಿಳಿದೀತೇ ಹೊರತು, ಎಣ್ಣೆ ಎಷ್ಟು ಕುಡಿಯುತ್ತದೆ ಎಂಬುದು ತಿಳಿಯದು. ಆದಕಾರಣ ಅವನು ಅಚ್ಚಾದ ಒಂದು ಅಂಕಿಯನ್ನು ನಂಬಬೇಕು. ಆ ಅಂಕಿ ಎಷ್ಟು ನಂಬಿಕೆಗೆ ಅರ್ಹ ಎಂಬುದೇ ಇಲ್ಲಿಯ ಪ್ರಶ್ನೆ.

ನನ್ನ ಸಹೋದ್ಯೋಗಿಯೊಬ್ಬರು, ಅರ್ಥಶಾಸ್ತ್ರದ ಅಧ್ಯಾಪಕರು, ಹೊಸ ಡೀಸೆಲ್ ಕಾರೊಂದನ್ನು ಕೊಂಡರು. ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಪ್ರಮಾಣಪತ್ರದ ಪ್ರಕಾರ ಅದು ಲೀಟರಿಗೆ 21 ಕಿಲೋಮೀಟರು ಕೊಡಬೇಕು. ಅವರು ಲೆಕ್ಕದ ಮನುಷ್ಯ. ಗಾಡಿಯಲ್ಲಿಯೇ ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದಾರೆ. ಟ್ಯಾಂಕನ್ನು ಬಾಯಿಮಟ್ಟ ತುಂಬಿಸುವುದು, ಓಡಿದ ದೂರವನ್ನು ಬರೆದುಕೊಳ್ಳುವುದು, ಮತ್ತೆ ಬಾಯಿಮಟ್ಟ ತುಂಬಿಸಿದಾಗ ಎಷ್ಟು ಲೀಟರು ಹಿಡಿಯಿತೋ ಅದರಿಂದ ದೂರವನ್ನು ಭಾಗಿಸುವುದು. ಒಂದು ವರ್ಷದ ಕೊನೆಗೆ ಊರೊಳಗೆ 14, ಹೆದ್ದಾರಿಯಲ್ಲಿ 19, ಒಟ್ಟಾರೆ ಸರಾಸರಿ 16 ಬಂದಿತು. ಸರ್ವಿಸಿಗೆ ಹೋದಾಗ ಈ ಪುಸ್ತಕವನ್ನು ತೋರಿಸಿದರಂತೆ. ಅಲ್ಲಿಯ ತರುಣ ನಗುತ್ತ, "ಸಾರ್, ಅದು ಕಂಪನಿ ಲೆಕ್ಕ. ರಸ್ತೆ ಮೇಲೆ ಅಷ್ಟು ಯಾರಿಗೂ ಬರಲ್ಲ" ಎಂದನಂತೆ. ಆ ಹುಡುಗನ ಮಾತಿನಲ್ಲಿ ವಂಚನೆಯಿರಲಿಲ್ಲ, ನಿಷ್ಕಪಟವಾದ ಸತ್ಯವಿತ್ತು. ಎಲ್ಲರಿಗೂ ಗೊತ್ತಿರುವ ಆ ಸತ್ಯ ಕೊಳ್ಳುವ ಮೊದಲು ಯಾರ ಬಾಯಿಂದಲೂ ಬರಲಿಲ್ಲ ಎಂಬುದಷ್ಟೇ ಕೊರತೆ.

ಈ ಐದು ಕಿಲೋಮೀಟರುಗಳ ಅಂತರ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ತಿಂಗಳಿಗೆ 1500 ಕಿಲೋಮೀಟರು ಓಡಾಡುವ ಸಂಸಾರಕ್ಕೆ ಲೀಟರಿಗೆ 21ರ ಲೆಕ್ಕದಲ್ಲಿ ಸುಮಾರು 71 ಲೀಟರು ಸಾಕು. 16ರ ಲೆಕ್ಕದಲ್ಲಿ 94 ಲೀಟರು ಬೇಕು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 2,000, ವರ್ಷಕ್ಕೆ 24,000, ಸಾಲದ ಕಂತು ತೀರುವ ಐದು ವರ್ಷಗಳಲ್ಲಿ 1,20,000 ರೂಪಾಯಿ ಹೆಚ್ಚು. ಸಿರಿವಂತರಿಗೆ ಇದು ಲೆಕ್ಕಕ್ಕೆ ಬಾರದ ಹಣ. ಕಂತಿನ ಮೇಲೆ ಗಾಡಿ ಕೊಂಡ ಮೇಷ್ಟರಿಗೆ, ಬಾಡಿಗೆ ಕಾರು ಓಡಿಸಿ ಮನೆ ನಡೆಸುವವನಿಗೆ, ಇದು ಮಗಳ ಕಾಲೇಜಿನ ಶುಲ್ಕ. ತಾಯಿಯ ಔಷಧದ ಹಣ.

ಹಾಗಾದರೆ ಈ 21 ಎಲ್ಲಿ ಹುಟ್ಟಿತು? ಅದು ಕಟ್ಟಿದ ಸುಳ್ಳಲ್ಲ. ಪುಣೆಯಲ್ಲಿ 1966ರಲ್ಲಿ ಸ್ಥಾಪಿತವಾದ ಮೋಟಾರು ಸಂಶೋಧನ ಸಂಸ್ಥೆಯಂತಹ ಪ್ರಮಾಣೀಕರಣ ಕೇಂದ್ರಗಳಲ್ಲಿ ನಿಯಮಬದ್ಧವಾಗಿ ಪರೀಕ್ಷಿಸಿದ ಮೇಲೆಯೇ ಇಂತಹ ಅಂಕಿಗಳು ಹೊರಬೀಳುತ್ತವೆ. ಆದರೆ ಆ ಪರೀಕ್ಷೆಯಲ್ಲಿ ಕಾರು ರಸ್ತೆಯ ಮೇಲೆ ಓಡುವುದೇ ಇಲ್ಲ. ಉಕ್ಕಿನ ಉರುಳೆಗಳ ಮೇಲೆ ಚಕ್ರಗಳನ್ನು ಇಟ್ಟು, ನಿಂತಲ್ಲಿಯೇ ತಿರುಗುತ್ತದೆ. ಕೋಣೆಯ ಉಷ್ಣತೆ 20ರಿಂದ 30 ಡಿಗ್ರಿಗಳ ಒಳಗೆ. ಹವಾನಿಯಂತ್ರಕವನ್ನು ಹಾಕುವುದಿಲ್ಲ. ಎಷ್ಟು ಎಣ್ಣೆ ಸುಟ್ಟಿತೆಂಬುದನ್ನು ತಿಳಿಯಲು, ಹೊರಬಂದ ಹೊಗೆಯನ್ನು ಚೀಲಗಳಲ್ಲಿ ಹಿಡಿದು, ಅದರಲ್ಲಿರುವ ಇಂಗಾಲವನ್ನು ಅಳೆದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ವಿಧಾನವೇನೋ ಸೂಕ್ಷ್ಮವಾದದ್ದು, ಮೆಚ್ಚತಕ್ಕದ್ದು.

ಕಾರು ಎಷ್ಟು ಹೊತ್ತು, ಎಷ್ಟು ವೇಗವಾಗಿ ಓಡಬೇಕೆಂಬುದೂ ಮೊದಲೇ ನಿಶ್ಚಿತ. ಯುರೋಪಿನವರು 1970ರಲ್ಲಿ ನಗರಸಂಚಾರಕ್ಕೆಂದು ಒಂದು ಕ್ರಮವನ್ನು ರೂಪಿಸಿ, ಅನಂತರ ಅದಕ್ಕೆ ಹೊರರಸ್ತೆಯ ಭಾಗವನ್ನು ಸೇರಿಸಿದರು. ಅದನ್ನೇ ತುಸು ಮಾರ್ಪಡಿಸಿ ನಾವು ತೆಗೆದುಕೊಂಡೆವು. ನಮ್ಮ ಪ್ರಮಾಣಪತ್ರಗಳಿಗೆ ಆಧಾರವಾಗಿ ಬಂದಿರುವುದು ಅದೇ. ಒಟ್ಟು ಅವಧಿ 1180 ಸೆಕೆಂಡು, ಎಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ದೂರ ಸುಮಾರು ಹತ್ತೂವರೆ ಕಿಲೋಮೀಟರು. ಅತಿ ಹೆಚ್ಚಿನ ವೇಗ ಗಂಟೆಗೆ 90. ಸರಾಸರಿ ಸುಮಾರು 32. ನಗರದ ಭಾಗದಲ್ಲಿ ಕಾರು ನಿಂತ ಸ್ಥಿತಿಯಿಂದ 50 ಕಿಲೋಮೀಟರು ವೇಗಕ್ಕೆ ಏರಲು 26 ಸೆಕೆಂಡು ತೆಗೆದುಕೊಳ್ಳುತ್ತದೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದ ಮೇಲೆ ಇಷ್ಟು ಸಾವಧಾನವಾಗಿ ಹೊರಡುವವರಿಗೆ ಹಿಂದಿನ ಗಾಡಿಗಳ ಹಾರನ್ನುಗಳು ಎಂತಹ ಮಂಗಳವಾದ್ಯ ನುಡಿಸುತ್ತವೆ ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆ ಉರುಳೆಗಳ ಮೇಲೆ ಶಿರಾಡಿಯ ಏರಿಲ್ಲ, ಆಗುಂಬೆಯ ತಿರುವಿಲ್ಲ. ಪ್ರತಿಯೊಂದು ಹಳ್ಳಿಯ ಎದುರಿಗೂ ನಮ್ಮನ್ನು ಕುಲುಕಿ ಎಚ್ಚರಿಸುವ ಹಂಪುಗಳಿಲ್ಲ. ಕಲಬುರಗಿಯ ಮೇ ತಿಂಗಳಿಲ್ಲ. ಹಿಂದಿನ ಆಸನದಲ್ಲಿ ಅಜ್ಜಿಯೂ ಮೊಮ್ಮಕ್ಕಳೂ ಇಲ್ಲ. ಡಿಕ್ಕಿಯಲ್ಲಿ ಊರಿನಿಂದ ತಂದ ಅಕ್ಕಿಮೂಟೆಯಿಲ್ಲ.

ಅಧ್ಯಾಪಕನಾದವನಿಗೆ ಇದನ್ನು ಓದುತ್ತಿದ್ದಂತೆ ತನ್ನ ವೃತ್ತಿಯ ನೆನಪು ಬಾರದೆ ಇರದು. ಐವತ್ತು ವರ್ಷ ಒಂದೇ ಪ್ರಶ್ನಪತ್ರಿಕೆಯನ್ನು ಕೊಡುತ್ತ ಬಂದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಏನು ಮಾಡಿಯಾರು? ಆ ಪ್ರಶ್ನೆಗಳಿಗೆ ಉತ್ತರವನ್ನು ಬಾಯಿಪಾಠ ಮಾಡಿಯಾರು. ಅವರು ಕಳ್ಳತನ ಮಾಡಿದರೆಂದು ಹೇಳುವಂತಿಲ್ಲ. ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಆ ಅಂಕ ಅವರ ವಿದ್ಯೆಯ ಅಳತೆಯಾಗದೆ, ಅವರ ತಯಾರಿಯ ಅಳತೆಯಾಗುತ್ತದೆ. ಎಂಜಿನುಗಳನ್ನು ರೂಪಿಸುವ ಬುದ್ಧಿವಂತರೂ ಇದನ್ನೇ ಮಾಡಿದರು. ಯಾವ ಸೆಕೆಂಡಿನಲ್ಲಿ ಯಾವ ವೇಗವೆಂಬುದು ಗೊತ್ತಿರುವಾಗ, ಗಾಡಿಯನ್ನು ಆ ವೇಗಗಳಿಗೆ ಹದಗೊಳಿಸದೆ ಇರುವವರಾರು?

ಯುರೋಪಿನ ಅನುಭವ ಇದಕ್ಕೆ ನಿದರ್ಶನ. ಪ್ರಮಾಣಪತ್ರದ ಅಂಕಿಗೂ ರಸ್ತೆಯ ಅಂಕಿಗೂ ನಡುವಣ ಅಂತರವನ್ನು ಅಲ್ಲಿಯ ಸಂಶೋಧಕರು ವರ್ಷವರ್ಷವೂ ಲೆಕ್ಕವಿಟ್ಟರು. 2001ರಲ್ಲಿ ನೂರಕ್ಕೆ ಸುಮಾರು 9ರಷ್ಟಿದ್ದ ಅಂತರ, 2015–16ರ ವೇಳೆಗೆ ನೂರಕ್ಕೆ 40ರಷ್ಟಾಗಿತ್ತು. ಈ ಅವಧಿಯಲ್ಲಿ ರಸ್ತೆಗಳು ಕೆಟ್ಟಿರಲಿಲ್ಲ. ಚಾಲಕರೆಲ್ಲ ಒಮ್ಮೆಲೆ ಒರಟರಾಗಿರಲಿಲ್ಲ. ಆದದ್ದು ಇಷ್ಟೇ: ಅಂಕಿಗೆ ಬಹುಮಾನ ಕಟ್ಟಲಾಯಿತು. ಹಲವು ದೇಶಗಳು ಕಾರಿನ ತೆರಿಗೆಯನ್ನು ಅದರ ಇಂಗಾಲದ ಅಂಕಿಗೆ ಜೋಡಿಸಿದವು; ತಯಾರಕರೆಲ್ಲರೂ ಕಿಲೋಮೀಟರಿಗೆ ಸರಾಸರಿ 130 ಗ್ರಾಮಿನ ಗುರಿ ಮುಟ್ಟಬೇಕೆಂದು 2009ರಲ್ಲಿ ಕಾನೂನು ಬಂದಿತು. ಅಂದಿನಿಂದ ಅಂಕ ಏರಿದಷ್ಟು ವಿದ್ಯೆ ಏರಲಿಲ್ಲ.

ಬಾಯಿಪಾಠದಿಂದ ನಕಲಿಗೆ ಒಂದೇ ಹೆಜ್ಜೆ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣ ಇಲಾಖೆ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಗುಟ್ಟನ್ನು ಬಯಲಿಗೆಳೆಯಿತು. ತಾನು ಪರೀಕ್ಷೆಯ ಕೊಠಡಿಯಲ್ಲಿದ್ದೇನೆಯೆ, ರಸ್ತೆಯಲ್ಲಿದ್ದೇನೆಯೆ ಎಂಬುದನ್ನು ಗುರುತಿಸಿ, ಕೊಠಡಿಯಲ್ಲಿ ಮಾತ್ರ ಸಾಧುವಾಗಿ ವರ್ತಿಸುವ ಗಣಕವಿಧಿಯನ್ನು ಆ ಕಾರುಗಳಲ್ಲಿ ಅಡಗಿಸಿದ್ದರು. ಪ್ರಪಂಚದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಇದಿತ್ತು. ಅಲ್ಲಿ ಮುಚ್ಚಿಟ್ಟದ್ದು ಎಣ್ಣೆಯ ಖರ್ಚನ್ನಲ್ಲ, ವಿಷಾನಿಲವನ್ನು. ಮರುವರ್ಷ, 2016ರಲ್ಲಿ, ಜಪಾನಿನ ಮಿತ್ಸುಬಿಶಿ ಕಂಪನಿ ಸುಮಾರು 6,25,000 ಸಣ್ಣ ಕಾರುಗಳ ಮೈಲೇಜಿನ ಲೆಕ್ಕವನ್ನೇ ತಿದ್ದಿದುದಾಗಿ ಒಪ್ಪಿಕೊಂಡಿತು. ಇವು ಅಪರಾಧಗಳು, ಅವುಗಳಿಗೆ ಶಿಕ್ಷೆಯುಂಟು. ನನ್ನ ವಾದ ಅಪರಾಧಗಳನ್ನು ಕುರಿತದ್ದಲ್ಲ. ಯಾವ ಕಾನೂನನ್ನೂ ಮುರಿಯದೆ, ಯಾವ ಸುಳ್ಳನ್ನೂ ಹೇಳದೆ, ಲಕ್ಷಾಂತರ ಜನರನ್ನು ದಾರಿತಪ್ಪಿಸಬಹುದಾದ ಒಂದು ಬಗೆಯ ಸತ್ಯವನ್ನು ಕುರಿತದ್ದು.

ಇಂತಹ ಸತ್ಯ ನಮಗೆ ಹೊಸದಲ್ಲ. ಕುರುಕ್ಷೇತ್ರದಲ್ಲಿ ದ್ರೋಣನ ಎದುರಿಗೆ ಧರ್ಮರಾಯ ನುಡಿದದ್ದು ಇದನ್ನೇ. ಅಶ್ವತ್ಥಾಮ ಸತ್ತನೆಂಬುದನ್ನು ಗಟ್ಟಿಯಾಗಿ ಹೇಳಿದ. ಸತ್ತದ್ದು ಆನೆ ಎಂಬುದನ್ನು ಯಾರಿಗೂ ಕೇಳಿಸದಂತೆ ಹೇಳಿದ. ಎರಡು ಮಾತನ್ನೂ ಕೂಡಿಸಿ ನೋಡಿದರೆ ಅದರಲ್ಲಿ ಸುಳ್ಳಿಲ್ಲ. ಕಾರಿನ ಜಾಹೀರಾತನ್ನು ನೋಡಿ: '21' ಎಂಬುದು ಅಂಗೈಯಗಲ ಅಚ್ಚಾಗಿರುತ್ತದೆ, ಅದರ ತಲೆಯ ಮೇಲೊಂದು ನಕ್ಷತ್ರ, ಪುಟದ ತಳದಲ್ಲಿ, ಭೂತಗನ್ನಡಿಗೆ ಮಾತ್ರ ನಿಲುಕುವ ಅಕ್ಷರದಲ್ಲಿ, 'ಪರೀಕ್ಷಾ ಪರಿಸ್ಥಿತಿಗಳಲ್ಲಿ, ಷರತ್ತುಗಳು ಅನ್ವಯಿಸುತ್ತವೆ.' ಆ ಸಣ್ಣ ಅಕ್ಷರವೇ ಧರ್ಮರಾಯನ ಆನೆ. ಅಲ್ಲಿಯವರೆಗೆ ಅವನ ರಥ ನೆಲಕ್ಕೆ ತಾಗದೆ ನಾಲ್ಕು ಬೆರಳು ಮೇಲೆಯೇ ಚಲಿಸುತ್ತಿತ್ತೆಂದೂ, ಆ ಮಾತು ಹೊರಟ ಕ್ಷಣವೇ ಕುದುರೆಗಳ ಕಾಲು ಮಣ್ಣಿಗೆ ತಾಗಿದುವೆಂದೂ ವ್ಯಾಸಭಾರತ ಹೇಳುತ್ತದೆ. ನಮ್ಮ ಕಾಲದ ರಥದ ಕಥೆ ಇದರ ತಿರುವುಮುರುವು. ಪರೀಕ್ಷಾಶಾಲೆಯಲ್ಲಿ ಅದು ನೆಲ ಮುಟ್ಟುವುದಿಲ್ಲ; ಕೊಂಡವನ ಮನೆಯ ಬಾಗಿಲಿಗೆ ಬಂದ ದಿನ ಇಳಿಯುತ್ತದೆ.

ಇದಕ್ಕೆ ಎರಡು ಸಮಾಧಾನಗಳನ್ನು ಹೇಳುವವರುಂಟು, ಎರಡೂ ಕೇಳತಕ್ಕವು. ಮೊದಲನೆಯದು: ರಸ್ತೆಗಳು ಸಾವಿರ, ಚಾಲಕರು ಕೋಟಿ, ಎಲ್ಲರಿಗೂ ಒಪ್ಪುವ ಒಂದು ಅಂಕಿಯನ್ನು ಬ್ರಹ್ಮನೂ ಕೊಡಲಾರ, ಆದ್ದರಿಂದ ಒಂದೇ ಅಳತೆಗೋಲಿನಿಂದ ಎಲ್ಲ ಕಾರುಗಳನ್ನೂ ಅಳೆದು ಹೋಲಿಸಿ ನೋಡುವುದಕ್ಕೆ ಮಾತ್ರ ಇದು ಉಪಯುಕ್ತ. ಒಪ್ಪತಕ್ಕ ಮಾತೇ. ಎಲ್ಲ ಕಾರುಗಳೂ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಹೋಲಿಕೆಗೆ ಕೇಡಿರಲಿಲ್ಲ. ಆದರೆ ಹಾಗಾಗಿಲ್ಲ. ಯುರೋಪು 2017ರಿಂದ ಹಳೆಯ ಪರೀಕ್ಷೆಯನ್ನು ಬಿಟ್ಟು, 1800 ಸೆಕೆಂಡುಗಳ, 23 ಕಿಲೋಮೀಟರುಗಳ, ಗಂಟೆಗೆ 131 ಕಿಲೋಮೀಟರು ವೇಗ ಮುಟ್ಟುವ ಕಠಿಣತರ ಪರೀಕ್ಷೆಯನ್ನು ತಂದಿತು. 2021ರಿಂದ ಹೊಸ ಕಾರುಗಳೊಳಗೆ ಎಣ್ಣೆಯ ಖರ್ಚನ್ನು ತಾನೇ ಬರೆದಿಡುವ ಮಾಪಕ ಕಡ್ಡಾಯವಾಯಿತು. ಆ ಮಾಪಕಗಳ ಸಾಕ್ಷ್ಯವನ್ನು ಐರೋಪ್ಯ ಆಯೋಗ 2024ರಲ್ಲಿ ಪ್ರಕಟಿಸಿತು. 2021ರಲ್ಲಿ ನೋಂದಣಿಯಾದ ಡೀಸೆಲ್ ಕಾರುಗಳು ಹೊಸ ಪರೀಕ್ಷೆಯ ಅಂಕಿಗಿಂತ ನೂರಕ್ಕೆ ಸುಮಾರು 18ರಷ್ಟು ಹೆಚ್ಚು ಇಂಗಾಲವನ್ನು ಉಗುಳುತ್ತಿದ್ದವು. ಪೆಟ್ರೋಲ್ ಕಾರುಗಳು ಸುಮಾರು 24ರಷ್ಟು. ವಿದ್ಯುತ್ತು ತುಂಬಿಸಿಕೊಂಡು ಎಣ್ಣೆಯಿಂದಲೂ ಓಡುವ ಮಿಶ್ರ ಕಾರುಗಳು ಮೂರೂವರೆ ಪಟ್ಟು! ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬನಿಗೆ ಒಂದೊಂದು ಬಗೆಯ ಕೃಪಾಂಕ ಕೊಟ್ಟ ಪರೀಕ್ಷೆಯಿಂದ ಯಾರು ಮೊದಲಿಗನೆಂದು ಹೇಗೆ ತಿಳಿಯಬೇಕು?

ಡೀಸೆಲ್ಲಿನ ಪರವಾಗಿ ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಲೇಬೇಕು. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಸಾಧಿಸಿದ ಎಂಜಿನು, ಗಾಳಿಯನ್ನು ಒತ್ತಿ ಕಾಯಿಸಿ ಆ ಕಾವಿನಿಂದಲೇ ಎಣ್ಣೆಯನ್ನು ಹೊತ್ತಿಸುವ ಉಪಾಯದಿಂದ, ಪೆಟ್ರೋಲಿನ ಎಂಜಿನಿಗಿಂತ ಕಡಿಮೆ ಎಣ್ಣೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಹೆದ್ದಾರಿಯ ದೂರದ ಓಟದಲ್ಲಿ ಈ ಹಿರಿಮೆ ಇಂದಿಗೂ ನಿಜ. ಆದರೆ 2020ರ ಏಪ್ರಿಲಿನಿಂದ ಬಂದಿರುವ ಭಾರತ್ 6ನೆಯ ಹಂತದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಶೋಧಕವಿರುತ್ತದೆ. ಅದರಲ್ಲಿ ಕಟ್ಟಿಕೊಂಡ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿ ಕಾವಿನಲ್ಲಿ ಸುಟ್ಟುಹಾಕಬೇಕು. ಅದಕ್ಕೆ ಹೆಚ್ಚಿಗೆ ಎಣ್ಣೆ ಬೇಕು. ದಿನವೂ ಮೂರು ನಾಲ್ಕು ಕಿಲೋಮೀಟರು ಓಡಿ ನಿಲ್ಲುವ ಗಾಡಿಯಲ್ಲಿ ಈ ಸುಡುವ ಕೆಲಸ ಮುಗಿಯದೆ ಮತ್ತೆ ಮತ್ತೆ ಮೊದಲಾಗುತ್ತದೆ. ಮನೆಯಿಂದ ಕಾಲೇಜು, ಕಾಲೇಜಿನಿಂದ ಮಾರುಕಟ್ಟೆ ಎಂದು ಓಡಾಡುವವನಿಗೆ ಡೀಸೆಲ್ ಕಾರು ಸಲ್ಲದು ಎಂಬ ಈ ಮುಖ್ಯ ವಿಷಯ ಆ 21ರಲ್ಲಿ ಎಲ್ಲಿದೆ? ಊರೊಳಗಿನ ಅಂಕಿಯನ್ನು ಬೇರೆಯಾಗಿ ಅಚ್ಚು ಹಾಕಿದ್ದರೆ ಎಷ್ಟೋ ಜನ ಸರಿಯಾದ ಗಾಡಿಯನ್ನು ಆರಿಸಿಕೊಳ್ಳುತ್ತಿದ್ದರು.

ಎರಡನೆಯ ಸಮಾಧಾನ: ಓಡಿಸುವವನ ತಪ್ಪನ್ನು ಗಾಡಿಯ ಮೇಲೆ ಹೊರಿಸಬಾರದು. ಇದೂ ನಿಜ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರ ವೇಗದಿಂದ 100ಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟು ಮೀರುತ್ತದೆ. ಚಕ್ರದಲ್ಲಿ ಗಾಳಿ ಕಡಿಮೆಯಾದರೆ, ಬ್ರೇಕನ್ನೂ ಆಕ್ಸಿಲರೇಟರನ್ನೂ ಸರದಿಯ ಮೇಲೆ ತುಳಿದರೆ, ಎಣ್ಣೆ ಸೋರಿದಂತೆಯೇ ಸರಿ. ನಮ್ಮ ಪಾಲಿನ ತಪ್ಪನ್ನು ನಾವು ತಿದ್ದಿಕೊಳ್ಳಬೇಕು. ಆದರೆ ಶಾಂತವಾಗಿ ಓಡಿಸುವವನಿಗೂ ದೊರೆಯದ ಅಂಕಿಯನ್ನು ಮುಂದಿಟ್ಟುಕೊಂಡು ಓಡಿಸುವವನನ್ನು ದೂರುವುದು, ಪಾಠವನ್ನೇ ಮಾಡದ ಅಧ್ಯಾಪಕ ಫಲಿತಾಂಶಕ್ಕಾಗಿ ಹುಡುಗರನ್ನು ಬೈದಂತೆ.

ಈ ಅಂಕಿಯ ಮೇಲೆ ನಿಂತಿರುವುದು ಮನೆಯ ಲೆಕ್ಕ ಮಾತ್ರವಲ್ಲ. ನಾವು ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಹೊರದೇಶಗಳಿಂದ ಬರುತ್ತದೆ. ಒಂದು ಲೀಟರು ಡೀಸೆಲ್ ಸುಟ್ಟರೆ ಎರಡೂವರೆ ಕಿಲೋಗ್ರಾಮಿಗೂ ಹೆಚ್ಚು ಇಂಗಾಲಾಮ್ಲ ಗಾಳಿಗೆ ಸೇರುತ್ತದೆ. ಕಾರು ತಯಾರಕರೆಲ್ಲ ಇಷ್ಟು ಮಿತವ್ಯಯ ಸಾಧಿಸಬೇಕೆಂಬ ನಿಯಮ ನಮ್ಮಲ್ಲಿಯೂ 2017–18ರಿಂದ ಜಾರಿಯಲ್ಲಿದೆ. 2022–23ರಿಂದ ಅದು ಇನ್ನಷ್ಟು ಬಿಗಿಯಾಗಿದೆ. ಒಳ್ಳೆಯ ನಿಯಮ. ಆದರೆ ಅದನ್ನು ಅಳೆಯುವುದು ಉರುಳೆಯ ಮೇಲಿನ ಅಂಕಿಯಿಂದ. ಉಳಿಯದೆ ಇದ್ದ ಎಣ್ಣೆಯನ್ನು ಉಳಿಯಿತೆಂದು ಕಡತದಲ್ಲಿ ಬರೆದುಕೊಂಡ ಮಾತ್ರಕ್ಕೆ ಅದನ್ನು ಕೊಳ್ಳುವ ವಿದೇಶೀ ಹಣ ಉಳಿಯುವುದಿಲ್ಲ. ಆಕಾಶ ಕಡತವನ್ನು ಓದುವುದಿಲ್ಲ.

ಪರಿಹಾರ ಅಸಾಧ್ಯವೇನಲ್ಲ, ಇತರರು ಮಾಡಿ ತೋರಿಸಿದ್ದಾರೆ. ಅಮೆರಿಕದವರು 1985ರ ಮಾದರಿಯ ಕಾರುಗಳಿಂದಲೇ ಪರೀಕ್ಷಾಶಾಲೆಯ ನಗರದ ಅಂಕಿಯಲ್ಲಿ ನೂರಕ್ಕೆ 10, ಹೆದ್ದಾರಿಯ ಅಂಕಿಯಲ್ಲಿ ನೂರಕ್ಕೆ 22 ಕಳೆದು, ಉಳಿದದ್ದನ್ನು ಮಾತ್ರ ಕಾರಿಗೆ ಅಂಟಿಸಿದರು. 2008ರ ಮಾದರಿಗಳಿಂದ ಹೆಚ್ಚಿನ ವೇಗ, ಚಳಿ, ಹವಾನಿಯಂತ್ರಕ ಇವನ್ನೂ ಲೆಕ್ಕಕ್ಕೆ ತಂದರು. ನಮ್ಮಲ್ಲಿಯೂ 2023ರ ಏಪ್ರಿಲಿನಿಂದ ವಿಷಾನಿಲಗಳನ್ನು ಮಾಪಕ ಹೊರಿಸಿ ನಿಜವಾದ ರಸ್ತೆಯ ಮೇಲೆಯೇ ಅಳೆಯುವ ನಿಯಮ ಬಂದಿದೆ. ಹೊಗೆಗಾಗಿ ರಸ್ತೆಗಿಳಿಯಬಲ್ಲ ಪರೀಕ್ಷಕರು ಎಣ್ಣೆಗಾಗಿ ಏಕೆ ಇಳಿಯಬಾರದು? ಊರಿಗೊಂದು, ಹೆದ್ದಾರಿಗೊಂದು, ಹವಾನಿಯಂತ್ರಕ ಹಾಕಿದಾಗಿನದೊಂದು—ಮೂರು ಅಂಕಿಗಳನ್ನು ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಲು ಎಷ್ಟು ಶಾಯಿ ಬೇಕು?

ಜೊತೆಗೆ ಲೆಕ್ಕದ ಭಾಷೆಯನ್ನೂ ತಿದ್ದಬೇಕು. ಲೀಟರಿಗೆ ಇಷ್ಟು ಕಿಲೋಮೀಟರು ಎನ್ನುವ ನಮ್ಮ ರೂಢಿ ಬುದ್ಧಿಯನ್ನು ಮೋಸಗೊಳಿಸುತ್ತದೆ. 20 ಕೊಡುವ ಕಾರನ್ನು ಬಿಟ್ಟು 25 ಕೊಡುವುದನ್ನು ಕೊಂಡವನು, 10 ಕೊಡುವುದನ್ನು ಬಿಟ್ಟು 12 ಕೊಡುವುದನ್ನು ಕೊಂಡವನಿಗಿಂತ ಹೆಚ್ಚು ಉಳಿಸಿದಂತೆ ತೋರುತ್ತದೆ. ಸಾವಿರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಮೊದಲನೆಯವನು ಉಳಿಸಿದ್ದು 10 ಲೀಟರು. ಎರಡನೆಯವನು ಸುಮಾರು 17. ನೂರು ಕಿಲೋಮೀಟರಿಗೆ ಇಷ್ಟು ಲೀಟರು ಎಂದು ಬರೆಯುವ ಯುರೋಪಿನವರ ಕ್ರಮದಲ್ಲಿ ಈ ಭ್ರಮೆಗೆ ಅವಕಾಶವಿಲ್ಲ. ನಮ್ಮ ಕಾಲೇಜುಗಳ ಗಣಿತದ ತರಗತಿಗಳಲ್ಲಿ ಇಂತಹ ಲೆಕ್ಕಗಳನ್ನು ಮಾಡಿಸಿದರೆ ವಿದ್ಯಾರ್ಥಿಗಳಿಗೆ ಗಣಿತವೂ ಬಂದೀತು, ಜಾಹೀರಾತನ್ನು ಓದುವ ವಿವೇಕವೂ ಬಂದೀತು.

ವಚನಕಾರರ ಕಾಲದಿಂದಲೂ ನುಡಿ ನಡೆಗಳು ಒಂದಾಗಿರಬೇಕೆಂದು ಹೇಳಿಕೊಂಡು ಬಂದ ನಾಡು ನಮ್ಮದು. ಆ ಮಾತನ್ನು ಮನುಷ್ಯರಿಗೆ ಮಾತ್ರ ಮೀಸಲಿಡುವ ಕಾಲ ಹೋಯಿತು; ಇಂದು ನಮ್ಮ ಪರವಾಗಿ ಯಂತ್ರಗಳೂ ಅಂಕಿಗಳೂ ನುಡಿಯುತ್ತಿವೆ, ನಾವು ಅವನ್ನು ನಂಬಿ ಸಾಲ ಮಾಡುತ್ತಿದ್ದೇವೆ. ಅಂಕಿ ಚಿಕ್ಕದಾದರೆ ಯಾರಿಗೂ ನಷ್ಟವಿಲ್ಲ. 16 ಎಂದು ತಿಳಿದು ಕೊಂಡವನಿಗೆ 17 ಬಂದರೆ ಅವನು ಮಾರಿದವನನ್ನು ಹರಸುತ್ತಾನೆ. ಕಂಪನಿಗಳು ತಮ್ಮ ಅಶ್ವತ್ಥಾಮನನ್ನು ಎಷ್ಟು ಗಟ್ಟಿಯಾಗಿ ಬೇಕಾದರೂ ಸಾರಲಿ. ಆದರೆ ಆನೆಯನ್ನೂ ಅದೇ ದನಿಯಲ್ಲಿ ಹೇಳಬೇಕೆಂದು ಕಾನೂನು ಅವರನ್ನು ಕೇಳಲಿ. ಕೊಳ್ಳುವವರಾದ ನಾವು ಅಷ್ಟನ್ನು ಕೇಳಿದರೆ ಅತಿಯಾಸೆಯಾಗಲಾರದು.